ಸೀಸವಲ್ಲದ ಸೀಸ: ಮಾಲಿಬ್ಡಿನೈಟ್ ಎಂಬ ಪದರಗಲ್ಲಿನ ಗುಣ ಮತ್ತು ಬಳಕೆ



ಪೇಟೆಯ ಗ್ಯಾರೇಜಿನಲ್ಲಿ ಜೀಪಿನ ಕೀಲುಗಳಿಗೆ ತುಂಬುವ ಬೂದುಗಪ್ಪು ಗ್ರೀಸನ್ನು ನೋಡದವರು ಈ ಸಭೆಯಲ್ಲಿ ವಿರಳ. ಮೆಕ್ಯಾನಿಕ್‌ಗಳು ಅದನ್ನು ಮೋಲಿ ಗ್ರೀಸ್ ಎನ್ನುತ್ತಾರೆ. ಬೆರಳಿಗೆ ಹತ್ತಿದರೆ ಸೋಪು ಹಾಕಿ ಎರಡು ಸಲ ತೊಳೆದರೂ ಅದರ ಕಪ್ಪು ಸುಲಭಕ್ಕೆ ಬಿಡುವುದಿಲ್ಲ. ಆ ಕಪ್ಪು ಎಣ್ಣೆಯದಲ್ಲ, ಎಣ್ಣೆಯಲ್ಲಿ ಬೆರೆಸಿದ ಕಲ್ಲಿನ ಪುಡಿಯದು. ಅದೇ ಕಲ್ಲನ್ನು ಒಂದೇ ಪದರದಷ್ಟು ತೆಳುವಾಗಿ ಬಿಡಿಸಿ ಅದರ ಮೇಲೆ ಗಣಕಯಂತ್ರದ ಸ್ವಿಚ್ಚುಗಳನ್ನು ಕಟ್ಟುವ ಯತ್ನ ಇಂದು ಜಗತ್ತಿನ ಹಲವು ಪ್ರಯೋಗಾಲಯಗಳಲ್ಲಿ ನಡೆದಿದೆ. ಡೀಸೆಲ್ಲಿನಿಂದ ಗಂಧಕವನ್ನು ಹೊರತೆಗೆಯುವುದೂ ಅದೇ ವಸ್ತು. ಅದರಲ್ಲಿರುವ ಲೋಹವಿಲ್ಲದೆ ಅಲಸಂದೆಯ ಬೇರುಗಂಟು ಗಾಳಿಯ ಸಾರಜನಕವನ್ನು ಹಿಡಿಯಲಾರದು. ಇಷ್ಟೆಲ್ಲ ಉಪಕಾರಿಯಾದ ಈ ಕಲ್ಲು ದೊರೆಯುವುದು ಬಹುಮಟ್ಟಿಗೆ ಬೆಟ್ಟಗಳ ಒಡಲಿನಲ್ಲಿ. ಆದುದರಿಂದ ಇದರ ಕಥೆ ಪ್ರಯೋಗಾಲಯದಲ್ಲಿ ಆರಂಭವಾದರೂ ಗುಡ್ಡಗಾಡಿನ ಊರೊಂದರಲ್ಲಿ ಬಂದು ನಿಲ್ಲುತ್ತದೆ.

ಈ ಖನಿಜದ ಹೆಸರು ಮಾಲಿಬ್ಡಿನೈಟ್. ರಸಾಯನಶಾಸ್ತ್ರದಲ್ಲಿ ಮಾಲಿಬ್ಡಿನಂ ಡೈಸಲ್ಫೈಡ್. ಒಂದು ಮಾಲಿಬ್ಡಿನಂ ಪರಮಾಣುವಿಗೆ ಎರಡು ಗಂಧಕದ ಪರಮಾಣುಗಳು. ಹೆಸರಿನಲ್ಲಿಯೇ ಒಂದು ಹಳೆಯ ಭ್ರಮೆ ಅಡಗಿದೆ. ಗ್ರೀಕ್ ಭಾಷೆಯಲ್ಲಿ ಮೊಲಿಬ್ಡೋಸ್ ಎಂದರೆ ಸೀಸ. ಶತಮಾನಗಳ ಕಾಲ ಸೀಸದ ಅದಿರು, ಪೆನ್ಸಿಲ್ಲಿನ ಗ್ರಾಫೈಟ್ ಮತ್ತು ಈ ಖನಿಜ, ಮೂರನ್ನೂ ಜನ ಒಂದೇ ಎಂದು ಬಗೆದಿದ್ದರು. ಮೂರೂ ಕಪ್ಪು, ಮೂರಕ್ಕೂ ಹೊಳಪು. ಕಾಗದದ ಮೇಲೆ ಉಜ್ಜಿದರೆ ಗೆರೆ ಬೀಳುತ್ತದೆ. 1778ರಲ್ಲಿ ಸ್ವೀಡನ್ನಿನ ರಸಾಯನಜ್ಞ ಕಾರ್ಲ್ ವಿಲ್ಹೆಲ್ಮ್ ಷೀಲೆ ಇದು ಗ್ರಾಫೈಟೂ ಅಲ್ಲ, ಸೀಸವೂ ಅಲ್ಲ, ಬೇರೊಂದು ಧಾತುವಿನ ಅದಿರು ಎಂದು ತೋರಿಸಿದ. ಅವನ ಸ್ನೇಹಿತ ಪೀಟರ್ ಯಾಕೋಬ್ ಯೆಲ್ಮ್ 1781ರಲ್ಲಿ ಅದರಿಂದ ಲೋಹವನ್ನು ಬೇರ್ಪಡಿಸಿದ. ಸೀಸವಲ್ಲ ಎಂದು ಸಿದ್ಧವಾದ ಮೇಲೂ ಸೀಸದ ಹೆಸರೇ ಅದಕ್ಕೆ ಅಂಟಿಕೊಂಡಿತು.

ವಿದ್ಯಾರ್ಥಿಗಳು ಕೈಯಲ್ಲಿ ಹಿಡಿದು ಪರೀಕ್ಷಿಸಲು ಇಲ್ಲಿ ಒಳ್ಳೆಯ ಪಾಠವಿದೆ. ಗ್ರಾಫೈಟ್ ನೀರಿಗಿಂತ ಎರಡು ಪಟ್ಟಿನಷ್ಟು ಮಾತ್ರ ಭಾರ. ಮಾಲಿಬ್ಡಿನೈಟ್ ಐದು ಪಟ್ಟಿಗೆ ಹತ್ತಿರ. ಪಿಂಗಾಣಿಯ ಒರಟು ಬೆನ್ನಿನ ಮೇಲೆ ಉಜ್ಜಿದರೆ ಗ್ರಾಫೈಟಿನ ಗೆರೆ ಅಪ್ಪಟ ಕಪ್ಪು, ಮಾಲಿಬ್ಡಿನೈಟಿನ ಗೆರೆಯಲ್ಲಿ ತುಸು ಹಸಿರಿನ ಛಾಯೆ. ಎರಡೂ ಉಗುರಿಗೆ ಗೀಚಿಸಿಕೊಳ್ಳುವಷ್ಟು ಮೃದು. ಇಷ್ಟು ಭಾರದ ಲೋಹವನ್ನು ಹೊತ್ತ ಕಲ್ಲು ಇಷ್ಟು ಮೃದುವಾಗಿರುವುದೇಕೆ ಎಂಬ ಪ್ರಶ್ನೆಯೇ ಅದರ ಒಳರಚನೆಗೆ ಬಾಗಿಲು.

ಹಬ್ಬದ ದಿನ ತಟ್ಟೆಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ಹೋಳಿಗೆಗಳನ್ನು ನೆನೆಯಬಹುದು. ಪ್ರತಿಯೊಂದು ಹೋಳಿಗೆಯಲ್ಲಿ ಮೇಲೊಂದು ಕಣಕದ ಹೊದಿಕೆ, ಕೆಳಗೊಂದು ಕಣಕದ ಹೊದಿಕೆ, ನಡುವೆ ಹೂರಣ. ಈ ಕಲ್ಲಿನಲ್ಲಿ ಹೂರಣದ ಸ್ಥಾನದಲ್ಲಿ ಮಾಲಿಬ್ಡಿನಂ ಪರಮಾಣುಗಳ ಹಾಳೆ, ಕಣಕದ ಸ್ಥಾನದಲ್ಲಿ ಮೇಲೂ ಕೆಳಗೂ ಗಂಧಕದ ಹಾಳೆ. ಒಂದು ಹೋಳಿಗೆಯ ಒಳಗೆ ಹೂರಣ ಮತ್ತು ಕಣಕದ ಬೆಸುಗೆ ಬಲು ಗಟ್ಟಿ. ಅದು ರಾಸಾಯನಿಕ ಬಂಧ. ಆದರೆ ಒಂದು ಹೋಳಿಗೆಗೂ ಅದರ ಮೇಲಿನ ಹೋಳಿಗೆಗೂ ನಡುವೆ ಅಂಥ ಬೆಸುಗೆಯಿಲ್ಲ. ಗಂಧಕದ ಮುಖಕ್ಕೆ ಗಂಧಕದ ಮುಖ ತಾಗಿ, ವಾನ್ ಡರ್ ವಾಲ್ಸ್ ಎಂಬ ದುರ್ಬಲವಾದ ಸೆಳೆತ ಮಾತ್ರ ಅವುಗಳನ್ನು ಹಿಡಿದಿರುತ್ತದೆ. ಬದಿಯಿಂದ ತಳ್ಳಿದರೆ ಮೇಲಿನದು ಜಾರುತ್ತದೆ, ಕೆಳಗಿನದು ಹರಿಯುವುದಿಲ್ಲ. ಈ ರಚನೆಯನ್ನು ಕ್ಷಕಿರಣಗಳ ಸಹಾಯದಿಂದ 1923ರಲ್ಲಿ ಬಿಡಿಸಿದವರು ಡಿಕಿನ್ಸನ್ ಮತ್ತು ಆಗಿನ್ನೂ ವಿದ್ಯಾರ್ಥಿಯಾಗಿದ್ದ ಲೈನಸ್ ಪೌಲಿಂಗ್. ಒಂದು ಹೋಳಿಗೆಯ ದಪ್ಪ ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲಿಗಿಂತಲೂ ಕಡಿಮೆ, ಸುಮಾರು 0.65 ನ್ಯಾನೋಮೀಟರ್.

ಗ್ರೀಸಿನಲ್ಲಿ ಈ ಪುಡಿಯನ್ನು ಬೆರೆಸುವುದರ ಮರ್ಮ ಈಗ ಸ್ಪಷ್ಟ. ಭಾರ ಹೆಚ್ಚಾಗಿ ಎರಡು ಉಕ್ಕಿನ ಮೈಗಳ ನಡುವಿನ ಎಣ್ಣೆ ಹಿಂಡಿಹೋದಾಗಲೂ ಪದರಗಳು ಅಲ್ಲಿಯೇ ಉಳಿದು, ಒಂದರ ಮೇಲೊಂದು ಜಾರಿ, ಲೋಹಕ್ಕೆ ಲೋಹ ತಾಗದಂತೆ ಕಾಯುತ್ತವೆ. ಗ್ರಾಫೈಟ್ ಕೂಡ ಪದರಗಲ್ಲೇ. ಆದರೆ ಗ್ರಾಫೈಟ್ ಚೆನ್ನಾಗಿ ಜಾರಬೇಕಾದರೆ ಗಾಳಿಯ ತೇವ ಬೇಕು. ನಿರ್ವಾತದಲ್ಲಿ ಅದು ಕೀಲನ್ನು ತಿನ್ನತೊಡಗುತ್ತದೆ. ಮಾಲಿಬ್ಡಿನಂ ಡೈಸಲ್ಫೈಡ್ ಇದಕ್ಕೆ ವಿರುದ್ಧ. ನಿರ್ವಾತದಲ್ಲಿ ಅದು ಅತ್ಯುತ್ತಮವಾಗಿ ಜಾರುತ್ತದೆ, ತೇವವೇ ಅದಕ್ಕೆ ವೈರಿ. ಎಣ್ಣೆ ಆವಿಯಾಗಿ ಹೋಗುವ ಬಾಹ್ಯಾಕಾಶದಲ್ಲಿ ಉಪಗ್ರಹಗಳ ಕೀಲುಗಳಿಗೆ ಇದನ್ನು ಒಣ ಲೇಪವಾಗಿ ಹಚ್ಚುವುದು ಇದೇ ಕಾರಣಕ್ಕೆ. ಗಾಳಿಯಿರುವಲ್ಲಿ 350ರಿಂದ 400 ಡಿಗ್ರಿ ಸೆಲ್ಷಿಯಸ್ ದಾಟಿದರೆ ಉರಿದು ಆಕ್ಸೈಡಾಗುವ ಈ ವಸ್ತು ನಿರ್ವಾತದಲ್ಲಿ ಅದಕ್ಕಿಂತ ಬಹಳ ಹೆಚ್ಚಿನ ಶಾಖವನ್ನು ತಡೆದುಕೊಳ್ಳುತ್ತದೆ.

ಈ ಲೇಪಕ್ಕೂ ಮಿತಿಯುಂಟು. ಗುರುಗ್ರಹಕ್ಕೆ ಹೊರಟ ಗೆಲಿಲಿಯೋ ನೌಕೆಯ ದೊಡ್ಡ ಆಂಟೆನಾ ಕೊಡೆಯಂತೆ ಮಡಚಿ ಇಟ್ಟದ್ದು. 1991ರ ಏಪ್ರಿಲ್‌ನಲ್ಲಿ ಅದನ್ನು ಬಿಚ್ಚಲು ಆಜ್ಞೆ ಕಳಿಸಿದಾಗ ಕೆಲವು ಕಡ್ಡಿಗಳು ಅಂಟಿಕೊಂಡೇ ಉಳಿದವು. 1986ರ ಚಾಲೆಂಜರ್ ದುರಂತದಿಂದಾಗಿ ನೌಕೆಯ ಉಡಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋಗಿತ್ತು. ಆ ಅವಧಿಯಲ್ಲಿ ಅದನ್ನು ಕ್ಯಾಲಿಫೋರ್ನಿಯಾ ಮತ್ತು ಫ್ಲೋರಿಡಾಗಳ ನಡುವೆ ಲಾರಿಯಲ್ಲಿ ಸಾಗಿಸಿದ್ದರು. ದಾರಿಯ ಕುಲುಕಾಟದಲ್ಲಿ ಗೂಟಗಳ ಮೇಲಿನ ಒಣ ಲೇಪ ಸವೆದುಹೋಗಿರಬೇಕೆಂದು ತನಿಖೆ ತೀರ್ಮಾನಿಸಿತು. ದೊಡ್ಡ ಆಂಟೆನಾ ಕೊನೆಗೂ ಬಿಚ್ಚಿಕೊಳ್ಳಲಿಲ್ಲ. ಸಣ್ಣ ಆಂಟೆನಾದಿಂದಲೇ ನೌಕೆ 2003ರವರೆಗೆ ಕೆಲಸ ಮಾಡಿತು. ಕೋಟ್ಯಂತರ ಮೈಲಿ ಹಾರಬೇಕಾದ ಯಂತ್ರವೊಂದು ನೆಲದ ರಸ್ತೆಯಲ್ಲಿ ಸವೆಯಿತೆಂಬುದು ಮಲೆನಾಡಿನ ಬಸ್ಸುಗಳಲ್ಲಿ ಓಡಾಡುವವರಿಗೆ ಅಚ್ಚರಿ ತರಲಾರದು.

ಜಾರುವ ಗುಣ ಕಣ್ಣಿಗೆ ಕಾಣುವಂಥದ್ದು. ಎರಡನೆಯ ಗುಣ ಕಾಣದಂಥದ್ದು: ಇದು ಅರೆವಾಹಕ. ವಿದ್ಯುತ್ತು ಹರಿಯಬೇಕಾದರೆ ಪರಮಾಣುವಿಗೆ ಕಟ್ಟುಬಿದ್ದ ಎಲೆಕ್ಟ್ರಾನ್ ಬಿಡುಗಡೆಯ ದಡಕ್ಕೆ ದಾಟಬೇಕು. ತಾಮ್ರದಂಥ ಲೋಹದಲ್ಲಿ ನಡುವೆ ಹಳ್ಳವೇ ಇಲ್ಲ. ಪಿಂಗಾಣಿಯಂಥ ಅವಾಹಕದಲ್ಲಿ ಅದು ಆಷಾಢದ ತುಂಬುಹೊಳೆ, ಯಾರೂ ದಾಟಲಾರರು. ಅರೆವಾಹಕದಲ್ಲಿ ಅದು ಹಾರಿ ದಾಟಬಹುದಾದ ಹಳ್ಳ. ಬೆಳಕೋ ಶಾಖವೋ ತಕ್ಕಷ್ಟು ನೂಕು ಕೊಟ್ಟರೆ ಸಾಕು. ಹಳ್ಳದ ಅಗಲವನ್ನು ಎಲೆಕ್ಟ್ರಾನ್ ವೋಲ್ಟ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಸಿಲಿಕಾನಿನಲ್ಲಿ ಅದು 1.1, ಮಾಲಿಬ್ಡಿನೈಟಿನ ಗಟ್ಟಿಯಲ್ಲಿ 1.2ರಿಂದ 1.3.

ಗಟ್ಟಿಯನ್ನು ಬಿಡಿಸುತ್ತ ಬಿಡಿಸುತ್ತ ಒಂದೇ ಪದರ ಉಳಿದಾಗ ಒಂದು ವಿಲಕ್ಷಣ ಸಂಗತಿ ನಡೆಯುತ್ತದೆ. ಹಳ್ಳ ಅಗಲವಾಗಿ 1.8ರಿಂದ 1.9ರಷ್ಟಾಗುತ್ತದೆ. ಅಷ್ಟೇ ಅಲ್ಲ, ದಡದ ಸ್ಥಾನವೂ ಬದಲಾಗುತ್ತದೆ. ಗಟ್ಟಿಯಲ್ಲಿ ಎದುರು ದಡದ ತಗ್ಗಾದ ಜಾಗ ನೇರ ಎದುರಿಗಿಲ್ಲ, ಓರೆಯಾಗಿ ದೂರದಲ್ಲಿದೆ. ಬೆಳಕು ಎಲೆಕ್ಟ್ರಾನನ್ನು ಮೇಲಕ್ಕೆ ನೂಕಬಲ್ಲದೇ ಹೊರತು ಬದಿಗೆ ನೂಕಲಾರದು. ಬದಿಗೆ ಸರಿಸಲು ಹರಳಿನ ಕಂಪನದ ನೆರವು ಬೇಕಾಗುತ್ತದೆ. ಹಾಗಾಗಿ ಗಟ್ಟಿ ಬೆಳಕನ್ನು ಹೊರಸೂಸುವುದರಲ್ಲಿ ಬಹಳ ಮಂದ. ಒಂಟಿ ಪದರದಲ್ಲಿ ಎರಡು ದಡಗಳೂ ನೇರ ಎದುರುಬದುರು. ದಾಟಿದ ಎಲೆಕ್ಟ್ರಾನ್ ಮರಳಿ ಬೀಳುವಾಗ ಕೆಂಪು ಬೆಳಕನ್ನು ಸೂಸುತ್ತದೆ. 2010ರಲ್ಲಿ ಅಮೆರಿಕದ ಎರಡು ತಂಡಗಳು ಬೇರೆ ಬೇರೆಯಾಗಿ ಈ ಬೆಳಕನ್ನು ಕಂಡು ಪ್ರಕಟಿಸಿದವು. ವಸ್ತು ಅದೇ, ಪರಮಾಣುಗಳು ಅವೇ. ದಪ್ಪ ಕಡಿಮೆಯಾದ ಮಾತ್ರಕ್ಕೆ ಸ್ವಭಾವ ಬದಲಾಯಿತು. ಪ್ರೌಢಶಾಲೆಯ ಪಠ್ಯದಲ್ಲಿ ವಸ್ತುವಿನ ಗುಣ ಅದರ ಗಾತ್ರವನ್ನು ಅವಲಂಬಿಸದು ಎಂದು ಓದಿದ ವಿದ್ಯಾರ್ಥಿ ಇಲ್ಲಿ ಒಂದು ಕ್ಷಣ ನಿಲ್ಲಬೇಕಾಗುತ್ತದೆ.

ಪದರ ಬಿಡಿಸುವ ವಿಧಾನವಾದರೂ ಸರಳವಾದುದೇ. ಮ್ಯಾಂಚೆಸ್ಟರಿನಲ್ಲಿ ಗೈಮ್ ಮತ್ತು ನೊವೊಸೆಲೊವ್ 2004ರಲ್ಲಿ ಗ್ರಾಫೈಟಿಗೆ ಅಂಟುಪಟ್ಟಿಯನ್ನು ಹಚ್ಚಿ ಕಿತ್ತು, ಮತ್ತೆ ಹಚ್ಚಿ ಕಿತ್ತು, ಒಂದೇ ಪರಮಾಣುವಿನ ದಪ್ಪದ ಗ್ರಾಫೀನನ್ನು ಪಡೆದಿದ್ದರು. 2010ರ ನೊಬೆಲ್ ಅವರಿಗೆ ಸಂದಿತು. 2005ರಲ್ಲಿಯೇ ಅವರ ತಂಡ ಅದೇ ಉಪಾಯದಿಂದ ಮಾಲಿಬ್ಡಿನಂ ಡೈಸಲ್ಫೈಡಿನ ಒಂಟಿ ಪದರವನ್ನೂ ಬಿಡಿಸಿತ್ತು. ಗ್ರಾಫೀನಿನಲ್ಲಿ ವಿದ್ಯುತ್ತು ಅತಿ ವೇಗದಿಂದ ಹರಿಯುತ್ತದೆ, ಆದರೆ ಅಲ್ಲಿ ಹಳ್ಳವೇ ಇಲ್ಲದ ಕಾರಣ ಹರಿವನ್ನು ನಿಲ್ಲಿಸಲಾಗದು. ನಿಲ್ಲಿಸಲಾಗದ ನಲ್ಲಿ ನಲ್ಲಿಯಲ್ಲ. ಗಣಕದ ಚಿಪ್ಪಿನಲ್ಲಿರುವ ಟ್ರಾನ್ಸಿಸ್ಟರ್ ಎಂಬುದು ಮೂಲತಃ ಒಂದು ನಲ್ಲಿ. 2011ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ಆಂದ್ರಾಸ್ ಕಿಸ್ ಅವರ ತಂಡ ಒಂಟಿ ಪದರದಿಂದ ಟ್ರಾನ್ಸಿಸ್ಟರ್ ಕಟ್ಟಿ, ತೆರೆದಾಗಿನ ಹರಿವು ಮುಚ್ಚಿದಾಗಿನದಕ್ಕಿಂತ ಹತ್ತು ಕೋಟಿ ಪಟ್ಟು ಹೆಚ್ಚೆಂದು ತೋರಿಸಿತು. ಸಿಲಿಕಾನನ್ನು ಕೆಲವೇ ನ್ಯಾನೋಮೀಟರುಗಳಿಗೆ ತೆಳುವಾಗಿಸಿದರೆ ಅದರ ಮೇಲ್ಮೈಯ ಒರಟು ಮತ್ತು ತುಂಡಾದ ಬಂಧಗಳು ಎಲೆಕ್ಟ್ರಾನಿಗೆ ಅಡ್ಡಬರುತ್ತವೆ, ಮುಚ್ಚಿದ ನಲ್ಲಿಯೂ ತೊಟ್ಟಿಕ್ಕುತ್ತದೆ. ಪದರಗಲ್ಲಿನ ಮೇಲ್ಮೈ ಸ್ವಭಾವತಃ ನುಣುಪು, ಅಲ್ಲಿ ತುಂಡಾದ ಬಂಧಗಳಿಲ್ಲ.

ಈ ಕೆಲಸದಲ್ಲಿ ಬೆಂಗಳೂರಿನ ಪಾಲೂ ಇದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ ಗ್ರಾಫೀನಿನಂಥ ತೆಳು ಮಾಲಿಬ್ಡಿನಂ ಡೈಸಲ್ಫೈಡನ್ನು ರಾಸಾಯನಿಕ ವಿಧಾನಗಳಿಂದ ತಯಾರಿಸಿ 2010ರಲ್ಲಿ ಪ್ರಕಟಿಸಿತು. ಭಾರತೀಯ ವಿಜ್ಞಾನ ಸಂಸ್ಥೆಯ ಅರಿಂದಮ್ ಘೋಷ್ ಅವರ ತಂಡ 2013ರಲ್ಲಿ ಇದನ್ನು ಗ್ರಾಫೀನಿನೊಡನೆ ಜೋಡಿಸಿ ಬೆಳಕನ್ನು ಗ್ರಹಿಸಿ ನೆನಪಿಡುವ ಸಾಧನವನ್ನು ನಿರ್ಮಿಸಿತು. 2025ರಲ್ಲಿ ಚೀನಾದ ಫುದಾನ್ ವಿಶ್ವವಿದ್ಯಾಲಯದವರು ಈ ವಸ್ತುವಿನ ಸುಮಾರು 5,900 ಟ್ರಾನ್ಸಿಸ್ಟರುಗಳನ್ನು ಬಳಸಿ 32 ಬಿಟ್ಟಿನ ಸಂಸ್ಕಾರಕವೊಂದನ್ನು ಕಟ್ಟಿದರು. ಸಿಲಿಕಾನಿನ ಯುಗ ಮುಗಿಯಿತೆಂದು ಪತ್ರಿಕೆಗಳು ಬರೆದರೆ ನಂಬುವ ಅಗತ್ಯವಿಲ್ಲ. ಇಂದಿನ ಒಳ್ಳೆಯ ಮೊಬೈಲಿನ ಚಿಪ್ಪಿನಲ್ಲಿ ಸಾವಿರ ಕೋಟಿಗೂ ಮಿಕ್ಕಿದ ಟ್ರಾನ್ಸಿಸ್ಟರುಗಳಿವೆ. ದೊಡ್ಡ ತಟ್ಟೆಯ ಮೇಲೆ ದೋಷವಿಲ್ಲದ ಒಂಟಿ ಪದರವನ್ನು ಬೆಳೆಸುವುದು, ಅದಕ್ಕೆ ಲೋಹದ ತಂತಿಯನ್ನು ಸರಿಯಾಗಿ ಬೆಸೆಯುವುದು, ಗಂಧಕದ ಪರಮಾಣು ಜಾರಿಹೋದ ತೂತುಗಳನ್ನು ತುಂಬುವುದು, ಇವೆಲ್ಲ ಇನ್ನೂ ಪೂರ್ತಿ ಬಗೆಹರಿಯದ ತೊಡಕುಗಳು. ಆದರೂ ದಾರಿ ಸುಳ್ಳಲ್ಲ.

ಪದರದ ಮೈ ಜಾರಲು ಮತ್ತು ವಿದ್ಯುತ್ತಿಗೆ. ಪದರದ ಅಂಚು ಇನ್ನೊಂದಕ್ಕೆ. ಮೈಯ ಮೇಲಿನ ಗಂಧಕದ ಪರಮಾಣುಗಳು ತೃಪ್ತ, ಯಾರೊಡನೆಯೂ ಸುಲಭವಾಗಿ ಕೂಡವು. ಅಂಚಿನ ಪರಮಾಣುಗಳಿಗೆ ಸಂಗಾತಿಗಳು ಸಾಲದು, ಅವು ಬಂದವರ ಕೈ ಹಿಡಿಯುತ್ತವೆ. ತೈಲ ಶುದ್ಧೀಕರಣಾಗಾರದಲ್ಲಿ ಅಲ್ಯೂಮಿನಾ ಗುಳಿಗೆಗಳ ಮೇಲೆ ಮಾಲಿಬ್ಡಿನಂ ಡೈಸಲ್ಫೈಡಿನ ಸೂಕ್ಷ್ಮ ಹೆಕ್ಕಳಿಕೆಗಳನ್ನು ಕೂರಿಸಿ, ಅಂಚಿಗೆ ಕೋಬಾಲ್ಟನ್ನೋ ನಿಕ್ಕಲನ್ನೋ ಸೇರಿಸುತ್ತಾರೆ. 300ರಿಂದ 400 ಡಿಗ್ರಿ ಶಾಖದಲ್ಲಿ, ಒತ್ತಡದ ಹೈಡ್ರೋಜನ್ನಿನೊಡನೆ ಡೀಸೆಲ್ ಅದರ ಮೂಲಕ ಹಾದಾಗ, ಎಣ್ಣೆಯ ಅಣುವಿನಲ್ಲಿದ್ದ ಗಂಧಕ ಆ ಅಂಚಿನಲ್ಲಿ ಕಳಚಿ ಹೈಡ್ರೋಜನ್ ಸಲ್ಫೈಡಾಗಿ ಹೊರಬೀಳುತ್ತದೆ; ಅದರಿಂದ ಹಳದಿ ಗಂಧಕವನ್ನು ಮರಳಿ ಪಡೆಯುತ್ತಾರೆ. ಬಿಎಸ್-3ರ ಡೀಸೆಲ್ಲಿನಲ್ಲಿ ಹತ್ತು ಲಕ್ಷ ಪಾಲಿಗೆ 350 ಪಾಲು ಗಂಧಕಕ್ಕೆ ಅನುಮತಿ ಇತ್ತು, ಬಿಎಸ್-4ರಲ್ಲಿ 50 ಪಾಲು, 2020ರ ಏಪ್ರಿಲ್ 1ರಿಂದ ದೇಶಾದ್ಯಂತ ಜಾರಿಗೆ ಬಂದ ಬಿಎಸ್-6ರಲ್ಲಿ 10 ಪಾಲು ಮಾತ್ರ. ಘಾಟಿಯೇರುವ ಲಾರಿಯ ಹಿಂದೆ ನಿಂತವರ ಶ್ವಾಸಕೋಶಕ್ಕೆ ಗಂಧಕದ ಹೊಗೆ ಈಗ ಕಡಿಮೆ ತಲುಪುತ್ತದೆಂದಾದರೆ, ಅದರ ಯಶಸ್ಸಿನಲ್ಲಿ ಈ ಕಪ್ಪು ಕಲ್ಲಿಗೂ ಪಾಲಿದೆ. ಕೆಲಸ ಮುಗಿಸಿದ ಗುಳಿಗೆಗಳು ಅಪಾಯಕಾರಿ ತ್ಯಾಜ್ಯ, ಭಾರತದ ನಿಯಮಗಳಲ್ಲಿಯೂ ಅವುಗಳನ್ನು ಹಾಗೆಯೇ ಪಟ್ಟಿಮಾಡಲಾಗಿದೆ. ಅವು ಎಲ್ಲಿ ಹೋಗುತ್ತವೆ ಎಂದು ಕೇಳುವ ಹಕ್ಕು ಶುದ್ಧೀಕರಣಾಗಾರದ ನೆರೆಯವರಿಗೆ ಇದ್ದೇ ಇದೆ.

ಅದೇ ಅಂಚು ನೀರಿನಿಂದ ಹೈಡ್ರೋಜನ್ ಬಿಡಿಸುವ ಕೆಲಸಕ್ಕೂ ಒದಗಬಲ್ಲದೆಂದು 2005ರಲ್ಲಿ ಡೆನ್ಮಾರ್ಕಿನವರು ಲೆಕ್ಕಹಾಕಿದರು, 2007ರಲ್ಲಿ ಪ್ರಯೋಗದಿಂದ ಖಚಿತಪಡಿಸಿದರು. ದುಬಾರಿ ಪ್ಲಾಟಿನಮ್ಮಿಗೆ ಅಗ್ಗದ ಬದಲಿಯನ್ನು ಹುಡುಕುತ್ತಿದ್ದವರಿಗೆ ಹೊಳಹು ದೊರೆತದ್ದು ಒಂದು ಕಡೆ ಜೀವಜಗತ್ತಿನಿಂದ. ದ್ವಿದಳ ಸಸ್ಯಗಳ ಬೇರುಗಂಟಿನಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳು ನೈಟ್ರೋಜಿನೇಸ್ ಎಂಬ ಕಿಣ್ವದಿಂದ ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸುತ್ತವೆ. ಆ ಕಿಣ್ವದ ಹೃದಯದಲ್ಲಿ ಕಬ್ಬಿಣ ಮತ್ತು ಗಂಧಕದ ಪಂಜರದ ತುದಿಯಲ್ಲಿ ಒಂದು ಮಾಲಿಬ್ಡಿನಂ ಪರಮಾಣು ಕುಳಿತಿದೆ. ಸಸ್ಯಗಳಿಗೆ ಈ ಲೋಹ ಅಗತ್ಯವೆಂದು 1939ರಲ್ಲಿ ಆರ್ನನ್ ಮತ್ತು ಸ್ಟೌಟ್ ಟೊಮೇಟೊ ಗಿಡದಲ್ಲಿ ತೋರಿಸಿದರು. 1942ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಆಂಡರ್ಸನ್, ಬೆಳೆಯದೆ ಬಡವಾಗಿದ್ದ ಹುಲ್ಲುಗಾವಲಿಗೆ ಅತ್ಯಲ್ಪ ಪ್ರಮಾಣದ ಮಾಲಿಬ್ಡಿನಂ ಹಾಕಿ ಮೇವನ್ನು ಚಿಗುರಿಸಿದ.

ಮಲೆನಾಡಿನ ರೈತರಿಗೆ ಇದು ದೂರದ ಮಾತಲ್ಲ. ಭಾರೀ ಮಳೆಯಲ್ಲಿ ತೊಳೆದು ಹುಳಿಯಾದ ಜಂಬಿಟ್ಟಿಗೆ ಮಣ್ಣಿನಲ್ಲಿ ಈ ಲೋಹ ಇದ್ದರೂ ಕಬ್ಬಿಣದ ಆಕ್ಸೈಡು ಅದನ್ನು ಬಿಗಿಯಾಗಿ ಹಿಡಿದಿಡುತ್ತದೆ, ಬೇರಿಗೆ ದೊರೆಯುವುದಿಲ್ಲ. ಹೂಕೋಸಿನ ಎಲೆ ಅಗಲವಾಗದೆ ನಡುನರದ ಸುತ್ತ ಚಾಟಿಯಂತೆ ಸಪೂರವಾದರೆ ಮಾಲಿಬ್ಡಿನಂ ಕೊರತೆಯ ಸಂದೇಹ ಪಡಬೇಕು. ಹಿರಿಯರು ತೋಟಕ್ಕೆ ಸುಣ್ಣ ಹಾಕುತ್ತಿದ್ದುದರ ಫಲಗಳಲ್ಲಿ ಇದೂ ಒಂದು: ಹುಳಿ ಇಳಿದಂತೆ ಮಣ್ಣು ಹಿಡಿದಿಟ್ಟ ಮಾಲಿಬ್ಡಿನಂ ಬಿಡುಗಡೆಯಾಗುತ್ತದೆ. ಅಂಗಡಿಯಿಂದ ಪೊಟ್ಟಣ ತರುವ ಮೊದಲು ಮಣ್ಣಿನ ಹುಳಿಯನ್ನು ಪರೀಕ್ಷಿಸುವುದು ವಿವೇಕ. ಗ್ರೀಸಿನಲ್ಲಿರುವ ಡೈಸಲ್ಫೈಡ್ ನೀರಿನಲ್ಲಿ ಕರಗದು, ಅದು ಗೊಬ್ಬರವಾಗದು. ಗಿಡಕ್ಕೆ ಬೇಕಾದುದು ಕರಗುವ ಮಾಲಿಬ್ಡೇಟ್. ಅತಿಯಾದರೆ ವಿಷ. ಇಂಗ್ಲೆಂಡಿನ ಸಾಮರ್‌ಸೆಟ್ ಪ್ರಾಂತದಲ್ಲಿ ಕೆಲವು ಹುಲ್ಲುಗಾವಲುಗಳ ಮಣ್ಣಿನಲ್ಲಿಯೇ ಮಾಲಿಬ್ಡಿನಂ ಹೆಚ್ಚು; ಅಲ್ಲಿ ಮೇಯ್ದ ದನಗಳು ಭೇದಿ ಹತ್ತಿ ಸೊರಗುತ್ತಿದ್ದವು, ಕೂದಲು ಬಣ್ಣಗೆಡುತ್ತಿತ್ತು. ದನದ ಹೊಟ್ಟೆಯಲ್ಲಿ ಮಾಲಿಬ್ಡಿನಂ ಗಂಧಕದೊಡನೆ ಸೇರಿ ತಾಮ್ರವನ್ನು ಕಟ್ಟಿಹಾಕುತ್ತದೆ, ದೇಹಕ್ಕೆ ತಾಮ್ರ ಸಿಗದಂತಾಗುತ್ತದೆ. ಗಣಿಯ ಕೆಳಗಿನ ಹುಲ್ಲುಗಾವಲುಗಳಲ್ಲಿ ದನ ಸಾಕುವವರು ತಿಳಿದಿರಬೇಕಾದ ಸಂಗತಿಯಿದು.

ಇನ್ನು ಗಣಿಯ ವಿಚಾರ. ಜಗತ್ತಿನಲ್ಲಿ ವರ್ಷಕ್ಕೆ ಎರಡೂವರೆ ಲಕ್ಷ ಟನ್ನಿಗೂ ಮಿಕ್ಕಿ ಮಾಲಿಬ್ಡಿನಂ ಹೊರತೆಗೆಯಲಾಗುತ್ತದೆ. ಚೀನಾ, ಚಿಲಿ, ಪೆರು ಮತ್ತು ಅಮೆರಿಕ ಮುಂಚೂಣಿಯಲ್ಲಿವೆ. ಬಹುಪಾಲು ತಾಮ್ರದ ಗಣಿಗಳ ಉಪೋತ್ಪನ್ನ. ಭಾರತ ತನ್ನ ಅಗತ್ಯಕ್ಕೆ ಆಮದನ್ನೇ ನಂಬಿದೆ. ಕರ್ನಾಟಕದ ಗಡಿಯಾಚೆ ತಮಿಳುನಾಡಿನ ಧರ್ಮಪುರಿ ಸೀಮೆಯ ಹರೂರು ಆಸುಪಾಸಿನಲ್ಲಿ ನಿಕ್ಷೇಪವಿರುವುದನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ತೆಗೆದ ಲೋಹದ ಬಹುದೊಡ್ಡ ಪಾಲು ಹೋಗುವುದು ಚಿಪ್ಪಿಗೂ ಅಲ್ಲ, ಗ್ರೀಸಿಗೂ ಅಲ್ಲ, ಉಕ್ಕಿಗೆ. ಒಂದು ಲೆಕ್ಕವನ್ನು ವಿದ್ಯಾರ್ಥಿಗಳೇ ಹಾಕಿ ನೋಡಬಹುದು. ಒಂಟಿ ಪದರದ ತೂಕ ಒಂದು ಚದರ ಮೀಟರಿಗೆ ಸುಮಾರು ಮೂರು ಮಿಲಿಗ್ರಾಂ. ಒಂದು ಎಕರೆ ಗದ್ದೆಯನ್ನು ಪೂರ್ತಿ ಮುಚ್ಚಲು ಹನ್ನೆರಡು ಹದಿಮೂರು ಗ್ರಾಂ ಸಾಕು. ನಾಳೆ ಜಗತ್ತಿನ ಎಲ್ಲ ಚಿಪ್ಪುಗಳೂ ಈ ವಸ್ತುವಿನಿಂದಲೇ ಆದರೂ ಅದಕ್ಕಾಗಿ ಒಂದು ಗುಡ್ಡವನ್ನೂ ಅಗೆಯಬೇಕಾಗಿಲ್ಲ. ಹೊಸ ತಂತ್ರಜ್ಞಾನದ ಹೆಸರು ಹೇಳಿ ಬೆಟ್ಟ ಕೇಳುವವರು ಬಂದರೆ ಈ ಲೆಕ್ಕವನ್ನು ಅವರ ಮುಂದಿಡಬೇಕು.

ಅಮೆರಿಕದ ಕೊಲರಾಡೋ ರಾಜ್ಯದ ರಾಕಿ ಪರ್ವತಗಳಲ್ಲಿ, 11,000 ಅಡಿಗೂ ಎತ್ತರದಲ್ಲಿ ಕ್ಲೈಮ್ಯಾಕ್ಸ್ ಎಂಬ ಗಣಿಯಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಫಿರಂಗಿಯ ಉಕ್ಕಿಗಾಗಿ ಅದು ತೆರೆದುಕೊಂಡಿತು. ಮುಂದೆ ದಶಕಗಳ ಕಾಲ ಜಗತ್ತಿನ ಮಾಲಿಬ್ಡಿನಮ್ಮಿನಲ್ಲಿ ಅರ್ಧಕ್ಕಿಂತ ಹೆಚ್ಚು ಆ ಒಂದೇ ಬೆಟ್ಟದಿಂದ ಬಂತು. ಒಂದು ಟನ್ ಕಲ್ಲಿನಲ್ಲಿ ದೊರೆಯುವುದು ಕೆಲವೇ ಕಿಲೋ. ಉಳಿದುದೆಲ್ಲ ಹಿಟ್ಟಿನಂತೆ ಬೀಸಿದ ಕಸ. ಅದಿರನ್ನು ಬೇರ್ಪಡಿಸುವ ಕ್ರಮದಲ್ಲಿಯೂ ಪದರದ ಗುಣವೇ ಒದಗುತ್ತದೆ: ಗಂಧಕದ ಮುಖ ನೀರನ್ನು ಒಲ್ಲದು, ಎಣ್ಣೆಯನ್ನು ಬಯಸುತ್ತದೆ. ಬೀಸಿದ ಕಲ್ಲನ್ನು ನೀರಿನಲ್ಲಿ ಕಲಸಿ, ತುಸು ಎಣ್ಣೆ ಬೆರೆಸಿ ಗಾಳಿ ಊದಿದರೆ ಮಾಲಿಬ್ಡಿನೈಟ್ ಗುಳ್ಳೆಗೆ ಅಂಟಿ ನೊರೆಯಾಗಿ ತೇಲುತ್ತದೆ, ಕಸ ಕೆಳಗೆ ಉಳಿಯುತ್ತದೆ. ಆ ಕಸದ ಕೆಸರನ್ನು ಕಣಿವೆಗೆ ಹರಿಸಿದರು. ಕಣಿವೆಯಲ್ಲಿದ್ದ ರಾಬಿನ್ಸನ್, ಕೊಕೊಮೊ ಎಂಬ ಹಳೆಯ ಊರುಗಳ ನಿವೇಶನಗಳು ಆ ಕೆಸರಿನ ಅಡಿಯಲ್ಲಿ ಹೂತುಹೋಗಿವೆ. 2005ರ ಕೊನೆಯವರೆಗೆ ಕುದುರೆಮುಖದಲ್ಲಿ ಕಬ್ಬಿಣದ ಅದಿರು ತೆಗೆಯುತ್ತಿದ್ದಾಗ ಲಖ್ಯಾ ಅಣೆಕಟ್ಟಿನ ಹಿಂದೆ ತುಂಬಿದ ಹೂಳನ್ನು ಕಂಡವರಿಗೆ ಈ ಚಿತ್ರವನ್ನು ವಿವರಿಸಬೇಕಾಗಿಲ್ಲ.

ಗಂಧಕವುಳ್ಳ ಅದಿರಿನ ಗಣಿಗೆ ಇನ್ನೂ ಒಂದು ಕೇಡಿದೆ. ಮಾಲಿಬ್ಡಿನೈಟಿನ ಜೊತೆಗೆ ಬರುವ ಪೈರೈಟ್ ಎಂಬ ಕಬ್ಬಿಣದ ಸಲ್ಫೈಡು ಗಾಳಿ ಮತ್ತು ಮಳೆನೀರು ತಾಗಿದರೆ ಗಂಧಕಾಮ್ಲವಾಗಿ, ಬಂಡೆಯಲ್ಲಿರುವ ಲೋಹಗಳನ್ನು ಕರಗಿಸಿಕೊಂಡು ಹೊಳೆಗೆ ಇಳಿಯುತ್ತದೆ. ಗಣಿ ಮುಚ್ಚಿದರೂ ಇದು ನಿಲ್ಲುವುದಿಲ್ಲ. ನ್ಯೂ ಮೆಕ್ಸಿಕೋದ ಕ್ವೆಸ್ಟಾ ಹಳ್ಳಿಯ ಮಾಲಿಬ್ಡಿನಂ ಗಣಿಯಿಂದ ರೆಡ್ ರಿವರ್ ಎಂಬ ಹೊಳೆಗಾದ ಹಾನಿಯಿಂದಾಗಿ, 2011ರಲ್ಲಿ ಅದನ್ನು ಆ ದೇಶದ ಅತ್ಯಂತ ಕಲುಷಿತ ತಾಣಗಳ ಪಟ್ಟಿಗೆ ಸೇರಿಸಿದರು. 2014ರಲ್ಲಿ ಗಣಿ ಮುಚ್ಚಿತು, ಶುದ್ಧೀಕರಣದ ಹೊರೆ ಉಳಿಯಿತು. ಊರವರಲ್ಲಿ ಹಲವರಿಗೆ ಆ ಗಣಿಯೇ ಅನ್ನ ನೀಡಿತ್ತೆಂಬುದನ್ನೂ ಮರೆಯುವಂತಿಲ್ಲ. ಮುಚ್ಚಿದ ದಿನ ಅವರ ಕೆಲಸವೂ ಹೋಯಿತು.

ಬೇರೊಂದು ಊರು ಬೇರೊಂದು ದಾರಿ ಹಿಡಿಯಿತು. ಕೊಲರಾಡೋದ ಕ್ರೆಸ್ಟೆಡ್ ಬ್ಯೂಟ್ ಹಿಂದೊಮ್ಮೆ ಕಲ್ಲಿದ್ದಲ ಗಣಿಯ ಊರು. ಅದರ ನೆತ್ತಿಯ ಮೇಲೆ ಮೌಂಟ್ ಎಮ್ಮನ್ಸ್ ಬೆಟ್ಟ. ಸೂರ್ಯನ ಬೆಳಕಿಗೆ ಕೆಂಪಾಗುವ ಅದನ್ನು ಜನ ರೆಡ್ ಲೇಡಿ, ಎಂದರೆ ಕೆಂಪಮ್ಮ ಎನ್ನಬಹುದಾದ ಹೆಸರಿನಿಂದ ಕರೆಯುತ್ತಾರೆ. 1977ರಲ್ಲಿ ಆಮ್ಯಾಕ್ಸ್ ಎಂಬ ಕಂಪನಿ ಆ ಬೆಟ್ಟದೊಳಗೆ ಭಾರೀ ಮಾಲಿಬ್ಡಿನಂ ನಿಕ್ಷೇಪವಿದೆಯೆಂದೂ ಗಣಿ ತೆರೆಯುವೆನೆಂದೂ ಸಾರಿತು. ಆಗಿನ ಮೇಯರ್ ಡಬ್ಲ್ಯು. ಮಿಚೆಲ್ ಅವರ ಮುಂದಾಳುತನದಲ್ಲಿ ಊರು ಎದ್ದು ನಿಂತಿತು. ಅವರು ಗಾಲಿಕುರ್ಚಿಯಲ್ಲಿ ಕುಳಿತೇ ವಾಷಿಂಗ್ಟನ್ನಿನವರೆಗೂ ವಾದ ಒಯ್ದವರು. 1981ರ ಹೊತ್ತಿಗೆ ಲೋಹದ ಬೆಲೆ ಕುಸಿದು ಕಂಪನಿ ಹಿಂದೆ ಸರಿಯಿತು. ಗೆದ್ದದ್ದು ಜನರೋ ಮಾರುಕಟ್ಟೆಯೋ ಎಂದು ಕೇಳಿದರೆ ಎರಡೂ ಎನ್ನಬೇಕಾಗುತ್ತದೆ. ಜನ ತಡೆದು ನಿಲ್ಲಿಸದಿದ್ದರೆ ಬೆಲೆ ಬೀಳುವ ಮೊದಲೇ ಅಗೆತ ಆರಂಭವಾಗಿರುತ್ತಿತ್ತು.

ಹೋರಾಟ ಅಲ್ಲಿಗೆ ಮುಗಿಯಲಿಲ್ಲ. ಹಕ್ಕುಪತ್ರ ಕೈಯಿಂದ ಕೈಗೆ ದಾಟುತ್ತ ಹೋಯಿತು. ಬೆಲೆ ಏರಿದಾಗಲೆಲ್ಲ ಹೊಸ ಪ್ರಸ್ತಾವ, ಊರಿನಲ್ಲಿ ಹೊಸ ಸಭೆ. 1872ರಷ್ಟು ಹಳೆಯ ಗಣಿ ಕಾನೂನಿನ ಬಲದಿಂದ 2004ರಲ್ಲಿ ಬೆಟ್ಟದ ಸುಮಾರು 155 ಎಕರೆ ಸಾರ್ವಜನಿಕ ಭೂಮಿ ಎಕರೆಗೆ ಐದು ಡಾಲರಿನ ಆಸುಪಾಸಿನ ಬೆಲೆಗೆ ಖಾಸಗಿಯಾಯಿತು. ಹೋರಾಡಿದವರ ಮಕ್ಕಳು ದೊಡ್ಡವರಾಗಿ ಅದೇ ಸಭೆಗಳಿಗೆ ಬಂದರು. 2016ರಲ್ಲಿ ಗಣಿಹಕ್ಕು ಬೇರೊಂದು ಕಂಪನಿಯ ಕೈಸೇರಿದ ಮೇಲೆ ಮಾತುಕತೆ ಆರಂಭವಾಯಿತು. 2024ರಲ್ಲಿ ಅರಣ್ಯ ಇಲಾಖೆಯೊಡನೆ ಭೂಮಿಯ ವಿನಿಮಯ ಪೂರ್ಣಗೊಂಡು, ಆ ಬೆಟ್ಟದಲ್ಲಿ ಗಣಿಗಾರಿಕೆಯ ಹಕ್ಕನ್ನು ಶಾಶ್ವತವಾಗಿ ತೊರೆಯುವ ಕರಾರುಗಳು ಜಾರಿಗೆ ಬಂದವು. ಒಟ್ಟು 47 ವರ್ಷ.

ಆದರೂ ಆ ಬೆಟ್ಟದಲ್ಲಿ ಕೆಲಸ ನಿಂತಿಲ್ಲ. ಮಾಲಿಬ್ಡಿನಮ್ಮಿಗೂ ಮೊದಲು ಅಲ್ಲಿ ಬೆಳ್ಳಿ, ಸೀಸ, ಸತುಗಳಿಗಾಗಿ ಅಗೆದ ಕೀಸ್ಟೋನ್ ಎಂಬ ಹಳೆಯ ಗಣಿಯೊಂದಿದೆ. ಅದರಿಂದ ಒಸರುವ ಆಮ್ಲದ ನೀರು ಕೋಲ್ ಕ್ರೀಕ್ ಎಂಬ ತೊರೆಗೆ ಸೇರುತ್ತದೆ, ಊರು ಕುಡಿಯುವುದು ಆ ತೊರೆಯ ನೀರನ್ನು. 1981ರಲ್ಲಿ ಕಟ್ಟಿದ ಶುದ್ಧೀಕರಣ ಘಟಕ ಆ ನೀರಿನ ಆಮ್ಲವನ್ನೂ ಲೋಹಗಳನ್ನೂ ತೆಗೆದು ಬಿಡುತ್ತಿದೆ. ಹಕ್ಕುಪತ್ರಗಳೆಲ್ಲ ಇತ್ಯರ್ಥವಾದ ಮೇಲೂ ಆ ಘಟಕ ಬೇಸಿಗೆಯಲ್ಲೂ ಹಿಮಗಾಲದಲ್ಲೂ ನಡೆಯುತ್ತಲೇ ಇದೆ.